ಬೇಡದ್ದನ್ನು ಬಿಡುತ್ತಾ ಹೋದವರು: ನಿಕ್ಲೌಸ್ ವಿರ್ತ್ ಬಗ್ಗೆ ಶಿರಸಿಯಲ್ಲಿ ಆಡಿದ ಮಾತು

ಕಳೆದ ಭಾನುವಾರ ಮಧ್ಯಾಹ್ನ ಶಿರಸಿಯಲ್ಲಿ ಸುಮಾರು ನಲವತ್ತು ಜನರ ಮುಂದೆ, ಕಂಪ್ಯೂಟರಿಗೆ ಭಾಷೆಗಳನ್ನು ಮಾಡಿದ ನಿಕ್ಲೌಸ್ ವಿರ್ತ್ ಬಗ್ಗೆ ಮಾತಾಡಿದೆ. ಅರ್ಧದಷ್ಟು ಕಾಲೇಜು ಹುಡುಗ ಹುಡುಗಿಯರು. ಉಳಿದವರು ಅವರ ಮನೆಯವರು, ಮತ್ತೆ ಮಳೆ ಜೋರಾಗಿ ತೋಟದ ಕೆಲಸ ನಿಂತಿದ್ದರಿಂದ ಪೇಟೆಗೆ ಬಂದಿದ್ದ ಕೆಲವರು. ಹೇಳಿದ್ದನ್ನು ಬರೆದು ಕೊಡಿ ಮಾಸ್ತರೆ ಅಂತ ಆಮೇಲೆ ಹಲವರು ಕೇಳಿದರು. ಅದಕ್ಕೇ ಇದು. ಅವತ್ತು ಅವಸರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಯನ್ನೂ ಸೇರಿಸಿದ್ದೇನೆ.

ನಾನು ಎದ್ದು ನಿಲ್ಲುವ ಮೊದಲೇ ಹುಲೇಕಲ್ ಕಡೆಯ ಒಬ್ಬ ಅಜ್ಜ ಕೇಳಿದರು. "ಭಾಷೆ ಅಂದ್ರೆ ಜನ ಮಾತಾಡಿ ಮಾತಾಡಿ ಬಪ್ಪದು ಅಲ್ದಾ ಮಾಸ್ತರೆ? ಒಬ್ನೇ ಕೂತ್ಕಂಡು ಹ್ಯಾಂಗೆ ಮಾಡ್ತ?"

ಒಳ್ಳೆಯ ಪ್ರಶ್ನೆ. ಕನ್ನಡವನ್ನು ಯಾರೂ ಕೂತು ಮಾಡಿದ್ದಲ್ಲ, ಅದು ನಿಜ. ಆದರೆ ಕಂಪ್ಯೂಟರಿನ ಕಥೆ ಬೇರೆ. ಅದರ ಒಳಗಿರುವ ಯಂತ್ರಕ್ಕೆ ಬರುವುದು ಕೆಲವೇ ಕೆಲಸ. ಈ ಸಂಖ್ಯೆಯನ್ನು ಅಲ್ಲಿಂದ ಇಲ್ಲಿಗೆ ತಾ, ಇವೆರಡನ್ನು ಕೂಡಿಸು, ಯಾವುದು ದೊಡ್ಡದು ನೋಡು, ಹಾಗಿದ್ದರೆ ಆಚೆ ಹಾರು. ಇಷ್ಟೇ. ನಾವು ಯೋಚಿಸುವುದು ಹಾಗಲ್ಲ. ಇಷ್ಟು ಕ್ವಿಂಟಾಲ್ ಅಡಿಕೆ, ಇಂತಿಷ್ಟು ದರ, ಒಟ್ಟು ಎಷ್ಟಾಯಿತು ಅಂತ ಯೋಚಿಸುತ್ತೇವೆ. ಈ ಎರಡರ ನಡುವೆ ಒಂದು ಬರವಣಿಗೆ ಬೇಕು. ಮನುಷ್ಯ ಓದುವ ಹಾಗಿರಬೇಕು, ಯಂತ್ರಕ್ಕೆ ಒಂದಿಷ್ಟೂ ಗೊಂದಲ ಆಗಬಾರದು. ಆ ಬರವಣಿಗೆಯ ನಿಯಮಗಳನ್ನು ಯಾರಾದರೂ ಕೂತು ಮಾಡಲೇಬೇಕು. ಹಾಗೆ ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸುವ ಪ್ರೋಗ್ರಾಮನ್ನೂ ಬರೆಯಬೇಕು. ಅದಕ್ಕೆ ಕಂಪೈಲರ್ ಅನ್ನುತ್ತಾರೆ. ಹೀಗೆ ಒಂದಲ್ಲ, ಹಲವು ಭಾಷೆ ಮಾಡಿದವರು ಸ್ವಿಟ್ಜರ್‌ಲೆಂಡಿನ ನಿಕ್ಲೌಸ್ ವಿರ್ತ್. ಅವರ ಭಾಷೆಯಲ್ಲೇ ನಾನು ಪ್ರೋಗ್ರಾಮಿಂಗ್ ಕಲಿತದ್ದು. ನನಗೆ ಅವರು ಕಾಣದ ಗುರು.

ಹುಟ್ಟಿದ್ದು 1934ರ ಫೆಬ್ರವರಿ 15ಕ್ಕೆ, ಜೂರಿಕ್ ಹತ್ತಿರದ ವಿಂಟರ್‌ಥೂರ್ ಊರಿನಲ್ಲಿ. ತಂದೆ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಹುಡುಗನಿಗೆ ಆಟಿಕೆ ವಿಮಾನದ ಹುಚ್ಚು. ಕಟ್ಟುವುದು, ಹಾರಿಸುವುದು, ಬಿದ್ದರೆ ಮತ್ತೆ ಕಟ್ಟುವುದು. ಹಾರುವ ವಿಮಾನವನ್ನು ನೆಲದಿಂದ ರೇಡಿಯೋದಲ್ಲಿ ನಡೆಸುವ ಆಸೆಯಿಂದ ಎಲೆಕ್ಟ್ರಾನಿಕ್ಸ್ ಹಿಡಿಯಿತು. ಇದನ್ನು ಸುಮ್ನೆ ಹೇಳುತ್ತಿಲ್ಲ. ಆಟಿಕೆ ವಿಮಾನಕ್ಕೆ ಒಂದು ಬೇಡದ ಕಡ್ಡಿ ಜಾಸ್ತಿ ಹಾಕಿದರೂ ಅದು ಏಳುವುದಿಲ್ಲ, ಅಲ್ವಾ? ಭಾರ ಅಂದರೆ ಏನು ಅಂತ ಕೈಯಿಂದಲೇ ಕಲಿತ ಹುಡುಗ ಅವರು. ಮುಂದೆ ಅವರು ಮಾಡಿದ ಎಲ್ಲದರಲ್ಲೂ ನನಗೆ ಆ ಹುಡುಗ ಕಾಣುತ್ತಾನೆ.

1959ರಲ್ಲಿ ಜೂರಿಕ್‌ನ ಇಟಿಎಚ್ ಎಂಬ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯದಿಂದ ಡಿಗ್ರಿ, ಮರುವರ್ಷ ಕೆನಡಾದಲ್ಲಿ ಮಾಸ್ಟರ್ಸ್, 1963ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪಿಎಚ್‌ಡಿ. ಬರ್ಕ್ಲಿಯಲ್ಲಿ ಒಂದು ಗುಂಪು ಐಬಿಎಂ 704 ಕಂಪ್ಯೂಟರಿಗೆ ಕಂಪೈಲರ್ ಬರೆಯುತ್ತಿತ್ತು. ವಿರ್ತ್ ಆ ಗುಂಪು ಸೇರಿದರು. ಒಳಹೊಕ್ಕು ನೋಡಿದರೆ ದಾರಿಯೇ ಕಾಣದ ಗೊಂದಲ. ಇದನ್ನು ಇನ್ನೂ ಸರಳವಾಗಿ, ಕ್ರಮವಾಗಿ ಮಾಡಲು ಬರುವುದಿಲ್ಲವೇ ಅನ್ನುವ ಪ್ರಶ್ನೆ ಹೊಕ್ಕಿದ್ದು ಅಲ್ಲಿಯೇ.

ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಕಲಿಸುತ್ತಿದ್ದಾಗ ಒಂದು ಸಮಿತಿಯ ಕೆಲಸ ಬಂತು. ಆಗ ಅಲ್ಗಾಲ್ 60 ಅಂತ ಒಂದು ಚಂದದ ಭಾಷೆ ಇತ್ತು. ಅದರ ಮುಂದಿನ ರೂಪ ಹೇಗಿರಬೇಕು ಅಂತ ತೀರ್ಮಾನಿಸಲು ದೇಶವಿದೇಶದ ಪಂಡಿತರು ಸೇರುತ್ತಿದ್ದರು. ವಿರ್ತ್ ಮತ್ತು ಇಂಗ್ಲೆಂಡಿನ ಟೋನಿ ಹೋರ್ ಸೇರಿ ಒಂದು ಪ್ರಸ್ತಾಪ ಕೊಟ್ಟರು. ಇದ್ದದ್ದನ್ನೇ ಸ್ವಲ್ಪ ಸರಿಮಾಡಿ, ಬೇಕಾದ ನಾಲ್ಕು ಸೇರಿಸಿ ಕೆಲಸ ಶುರುಮಾಡೋಣ ಅನ್ನುವ ಪ್ರಸ್ತಾಪ. ಸಮಿತಿಯ ಹೆಚ್ಚಿನವರಿಗೆ ಅದು ಸಾಲಲಿಲ್ಲ. ಅವರು ತುಂಬಾ ದೊಡ್ಡದನ್ನು ಕಟ್ಟಲು ಹೊರಟರು. 1968ರಲ್ಲಿ ಅಲ್ಗಾಲ್ 68 ಬಂತು. ಓದಿ ಅರ್ಥ ಮಾಡಿಕೊಳ್ಳುವುದೇ ಕಷ್ಟ ಅಂತ ದೊಡ್ಡ ದೊಡ್ಡವರೇ ಹೇಳಿದರು. ವಿರ್ತ್ ಅಷ್ಟರಲ್ಲೇ ಸಮಿತಿ ಬಿಟ್ಟಿದ್ದರು. ತಮ್ಮ ಪ್ರಸ್ತಾಪವನ್ನೇ ಅಲ್ಗಾಲ್ ಡಬ್ಲ್ಯೂ ಅಂತ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿ ತೋರಿಸಿದ್ದರು. ಜಗಳ ಆಡುತ್ತಾ ಕೂರಲಿಲ್ಲ. ಊರಿಗೆ ಮರಳಿ, 1968ರಲ್ಲಿ ಇಟಿಎಚ್‌ನಲ್ಲಿ ಪ್ರೊಫೆಸರ್ ಆಗಿ, ಸಮಿತಿ ಗಿಮಿತಿ ಇಲ್ಲದೆ ತಾವೇ ಒಂದು ಭಾಷೆ ಮಾಡಲು ಕೂತರು.

ಅದೇ ಪ್ಯಾಸ್ಕಲ್. 1642ರಲ್ಲಿ, ತೆರಿಗೆ ಲೆಕ್ಕ ಮಾಡುತ್ತಿದ್ದ ಅಪ್ಪನಿಗೆ ಸಹಾಯ ಆಗಲಿ ಅಂತ ಕೂಡುವ ಕಳೆಯುವ ಯಂತ್ರ ಮಾಡಲು ಹೊರಟ ಫ್ರಾನ್ಸಿನ ಹುಡುಗ ಬ್ಲೇಸ್ ಪ್ಯಾಸ್ಕಲ್. ಅವನ ಹೆಸರಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪ್ಯಾಸ್ಕಲ್‌ನಲ್ಲಿ ಏನು ವಿಶೇಷ ಅಂತ ಹೇಳಲು ನನ್ನ ಮನೆಯದೇ ಒಂದು ಸಂಗತಿ ಇದೆ.

ಕಾಲೇಜಿಗೆ ಸೇರಿದ ಹೊಸತರಲ್ಲಿ ಬೇಸಿಕ್ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದಿದ್ದೆ. ಅಪ್ಪನ ಅಡಿಕೆ ಲೆಕ್ಕ. ಅಡಿಕೆಯ ಬಗೆಗಳಲ್ಲಿ ರಾಶಿಗೆ 1, ಬೆಟ್ಟೆಗೆ 2, ಚಾಲಿಗೆ 3, ಕೆಂಪುಗೋಟಿಗೆ 4 ಅಂತ ನಂಬರ್ ಕೊಟ್ಟುಕೊಂಡಿದ್ದೆ. ಯಂತ್ರಕ್ಕೆ ನಂಬರ್ ಮಾತ್ರ ಗೊತ್ತು ತಾನೆ. ಎಲ್ಲೋ ಒಂದು ಕಡೆ 4 ಬರೆಯುವಲ್ಲಿ 3 ಬರೆದೆ. ಪ್ರೋಗ್ರಾಮ್ ಚೆನ್ನಾಗಿಯೇ ಓಡಿತು. ಲೆಕ್ಕ ಪ್ರಿಂಟ್ ಮಾಡಿಸಿ ರಜೆಯಲ್ಲಿ ಮನೆಗೆ ತಂದು ಹೆಮ್ಮೆಯಿಂದ ಅಪ್ಪನಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದವರೇ, "ಕೆಂಪುಗೋಟಿಗೆ ಈ ದರ ಯಾರು ಕೊಡ್ತ ತಮಾ?" ಅಂದರು. ಒಂದು ಕ್ಷಣ ಸಾಕಾಯಿತು ಅವರಿಗೆ. ಕಂಪ್ಯೂಟರಿಗೆ ಗೊತ್ತೇ ಆಗಿರಲಿಲ್ಲ, ಯಾಕೆಂದರೆ ಅದರ ಪಾಲಿಗೆ ಅಲ್ಲಿ ಅಡಿಕೆಯೇ ಇರಲಿಲ್ಲ. ಬರೀ 3 ಇತ್ತು. ಹಾಗೆ ನೋಡಿದರೆ ರಾಶಿಗೆ ಬೆಟ್ಟೆ ಕೂಡಿಸಿದರೆ ಚಾಲಿ ಆಗುತ್ತದೆ ಅಂದರೂ ಅದು ಒಪ್ಪುತ್ತಿತ್ತು. ಒಂದಕ್ಕೆ ಎರಡು ಕೂಡಿಸಿದರೆ ಮೂರಲ್ವಾ!

ಮುಂದಿನ ವರ್ಷ ಪ್ಯಾಸ್ಕಲ್ ಕಲಿಸಿದರು. ಅದರಲ್ಲಿ ಹೀಗೆ ಬರೆಯಬಹುದಿತ್ತು: ಟೈಪ್ ಅಡಿಕೆ = (ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು). ಅಕ್ಷರ ಇಂಗ್ಲಿಷಿನವು, ಮಾತು ನಮ್ಮದೇ. ಈ ಸಾಲು ಬರೆದ ಮೇಲೆ ಅಡಿಕೆ ಅನ್ನುವುದು ಒಂದು ಜಾತಿಯ ವಸ್ತು, ಅದರಲ್ಲಿ ಈ ನಾಲ್ಕೇ ಬಗೆ ಅಂತ ಕಂಪೈಲರಿಗೆ ತಿಳಿಯಿತು. ಅಡಿಕೆ ಬರೆಯುವಲ್ಲಿ 3 ಅಂತ ಬರೆದರೆ ತಗೊಳ್ಳುವುದಿಲ್ಲ. ರಾಶಿಗೆ ಬೆಟ್ಟೆ ಕೂಡಿಸಿದರೆ ಆಗುವುದಿಲ್ಲ ಅನ್ನುತ್ತದೆ. ತಿಂಗಳ ತಾರೀಕು 1ರಿಂದ 31ರ ಒಳಗೇ ಇರಬೇಕು ಅಂತ ಹೇಳಿಡಬಹುದು. ಅಂದರೆ ಅಪ್ಪನಿಗೆ ಗೊತ್ತಿದ್ದ ಒಂದು ಸಣ್ಣ ಭಾಗವನ್ನು ಯಂತ್ರಕ್ಕೂ ಹೇಳಿಕೊಡಬಹುದಾಯಿತು. ಎಷ್ಟೋ ತಪ್ಪು ಪ್ರೋಗ್ರಾಮ್ ಓಡುವ ಮೊದಲೇ ಸಿಗುತ್ತಿತ್ತು. ಹೀಗೆ ಹೆಸರುಗಳನ್ನು ಪಟ್ಟಿ ಮಾಡಿ ಹೊಸ ಟೈಪ್ ಮಾಡುವ ಕ್ರಮವನ್ನು ಬಳಕೆಗೆ ತಂದದ್ದು ಪ್ಯಾಸ್ಕಲ್. ಇವತ್ತು ನೀವು ಕಲಿಯುವ ಜಾವಾ, ಸಿ++ ಎಲ್ಲದರಲ್ಲೂ ಅದು ಇದೆ. (ಒಂದು ಕೊರತೆ ಇತ್ತು. ಮೂಲ ಪ್ಯಾಸ್ಕಲ್‌ನಲ್ಲಿ ಚಾಲಿ ಅನ್ನುವ ಹೆಸರನ್ನು ನೇರವಾಗಿ ಪ್ರಿಂಟ್ ಮಾಡಲು ಬರುತ್ತಿರಲಿಲ್ಲ. ಚಾಲಿ ಆದರೆ ಈ ಅಕ್ಷರ ಬರೆ, ರಾಶಿ ಆದರೆ ಈ ಅಕ್ಷರ ಬರೆ ಅಂತ ನಾವೇ ಒಂದೊಂದಾಗಿ ಹೇಳಬೇಕಿತ್ತು.)

ಇನ್ನು ಕಂಪೈಲರಿನ ಕಥೆ. ಇದು ನನಗೆ ತುಂಬಾ ಇಷ್ಟ. 1969ರಲ್ಲಿ ಮೊದಲ ಸಲ ಪ್ಯಾಸ್ಕಲ್ ಕಂಪೈಲರನ್ನು ಫೋರ್ಟ್ರಾನ್ ಭಾಷೆಯಲ್ಲಿ ಬರೆಸಿ ನೋಡಿದರು. ಆಗಲಿಲ್ಲ. ಎರಡನೇ ಸಲ ವಿರ್ತ್ ಬೇರೆ ದಾರಿ ಹಿಡಿದರು. ಪ್ಯಾಸ್ಕಲ್ ಕಂಪೈಲರನ್ನು ಪ್ಯಾಸ್ಕಲ್‌ನಲ್ಲೇ ಬರೆಯೋಣ. ಆದರೆ ಅದನ್ನು ಓಡಿಸಲು ಪ್ಯಾಸ್ಕಲ್ ಕಂಪೈಲರ್ ಬೇಕಲ್ಲ?

ಇದು ಮೊಸರಿನ ಹಾಗೆ. ಮೊಸರು ಮಾಡಲು ಹಾಲಿಗೆ ಹೆಪ್ಪು ಬೇಕು, ಹೆಪ್ಪು ಅಂದರೆ ಮೊಸರೇ. ಒಮ್ಮೆ ಮೊಸರಾಯಿತು ಅಂದರೆ ಇವತ್ತಿನದರಿಂದ ನಾಳೆಯದು, ನಾಳೆಯದರಿಂದ ನಾಡಿದ್ದಿನದು, ನಡೆಯುತ್ತಾ ಹೋಗುತ್ತದೆ. ಆದರೆ ಮೊದಲನೇ ಹೆಪ್ಪು ಎಲ್ಲಿಂದ? ಹತ್ತಿರ ಯಾವ ಮನೆಯೂ ಇಲ್ಲದಿದ್ದರೆ? ಹಸಿಮೆಣಸಿನ ತೊಟ್ಟು ಹಾಕಿ ಹೆಪ್ಪಾಗಿಸುವುದು ನಮ್ಮ ಅಮ್ಮಂದಿರಿಗೆ ಗೊತ್ತು. ಅದು ಅಷ್ಟು ಚೆನ್ನಾಗಿ ಬರುವುದಿಲ್ಲ, ನಿಧಾನ ಬೇರೆ. ಆದರೆ ಒಂದು ಸಲ ಸಾಕು.

ಜೂರಿಕ್‌ನಲ್ಲಿ ಆದದ್ದೂ ಹಾಗೆಯೇ. ಪ್ಯಾಸ್ಕಲ್‌ನಲ್ಲಿ ಬರೆದ ಇಡೀ ಕಂಪೈಲರನ್ನು ವಿರ್ತ್ ಅವರ ಬಳಗದ ಒಬ್ಬರು ಎರಡು ವಾರ ಮನೆಯಲ್ಲೇ ಕೂತು, ಸಾಲು ಸಾಲಾಗಿ, ಕೈಯಿಂದ ಯಂತ್ರಕ್ಕೆ ಹತ್ತಿರದ ಒಂದು ಭಾಷೆಗೆ ಇಳಿಸಿದರು. ಅದೇ ಮೆಣಸಿನ ತೊಟ್ಟು. ಅದನ್ನು ಹಾಕಿ ಮೂಲ ಕಂಪೈಲರನ್ನು ಓಡಿಸಿದರು. 1970ರಲ್ಲಿ ಪ್ಯಾಸ್ಕಲ್ ಕೆಲಸ ಶುರುಮಾಡಿತು. ಆಮೇಲೆ ಪ್ರತಿಯೊಂದು ಹೊಸ ಕಂಪೈಲರನ್ನೂ ಹಳೆಯದರಿಂದಲೇ ಹೆಪ್ಪಾಗಿಸುತ್ತಾ ಹೋದರು. ಆ ಎರಡು ವಾರದ ದುಡಿಮೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಬೇರೆ ಬೇರೆ ಕಡೆಯಿಂದ ಜನ ಕಂಪೈಲರ್ ಕೇಳತೊಡಗಿದರು. ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ಬಗೆಯ ಕಂಪ್ಯೂಟರ್. ಆಗ ಜೂರಿಕ್ ಬಳಗ ಒಂದು ಉಪಾಯ ಮಾಡಿತು. ಎಲ್ಲಿಯೂ ಇಲ್ಲದ ಒಂದು ಸರಳ ಯಂತ್ರವನ್ನು ಕಲ್ಪಿಸಿಕೊಂಡು, ಅದರ ಮಾತಿಗೆ ತಿರುಗಿಸಿ ಕೊಟ್ಟರು. ಅದಕ್ಕೆ ಪಿ-ಕೋಡ್ ಅಂತ ಹೆಸರು. ನಿಮ್ಮಲ್ಲಿರುವ ಕಂಪ್ಯೂಟರಿನಲ್ಲಿ ಆ ಕಲ್ಪಿತ ಯಂತ್ರದ ವೇಷ ಹಾಕುವ ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಂಡರೆ ಸಾಕು, ಪ್ಯಾಸ್ಕಲ್ ಓಡುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ವಿಶ್ವವಿದ್ಯಾಲಯದವರು ಇದನ್ನೇ ಹಿಡಿದು ಸಣ್ಣ ಸಣ್ಣ ಕಂಪ್ಯೂಟರಿಗೂ ಪ್ಯಾಸ್ಕಲ್ ತಂದರು. ಮುಂದೆ ಜಾವಾ ಇದೇ ದಾರಿಯಲ್ಲಿ ನಡೆಯಿತು. ಆಪಲ್ ಕಂಪನಿ ಲಿಸಾ ಮತ್ತು ಮೊದಲ ಮ್ಯಾಕಿಂಟಾಷ್ ಕಾಲದಲ್ಲಿ ಪ್ಯಾಸ್ಕಲನ್ನೇ ನೆಚ್ಚಿಕೊಂಡಿತ್ತು.

1983ರಲ್ಲಿ ಬೋರ್ಲೆಂಡ್ ಕಂಪನಿಯ ಟರ್ಬೋ ಪ್ಯಾಸ್ಕಲ್ ಬಂತು. ಬರೆದದ್ದು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್. ಬೇರೆಯವರು ನೂರಾರು ಡಾಲರಿಗೆ ಮಾರುತ್ತಿದ್ದ ಕಾಲದಲ್ಲಿ ಇದರ ಬೆಲೆ 49.95 ಡಾಲರ್. ಇದರಿಂದಲೇ ಪ್ಯಾಸ್ಕಲ್ ನಮ್ಮ ಕಡೆಯ ಕಾಲೇಜುಗಳಿಗೂ ಬಂತು. ದೇವಿಮನೆ ಘಟ್ಟ ಇಳಿದು ಹೋಗಿ ನಾನು ಓದಿದ್ದು. ಲ್ಯಾಬಿನಲ್ಲಿ ಒಬ್ಬೊಬ್ಬರಿಗೆ ವಾರಕ್ಕೆ ಎರಡು ತಾಸು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಹೇಳಲು ಬರುತ್ತಿರಲಿಲ್ಲ. ನಾಲ್ಕು ಸಾಲು ಬರೆದು ಫ್ಲಾಪಿಗೆ ಸೇವ್, ಮತ್ತೆ ನಾಲ್ಕು ಸಾಲು, ಮತ್ತೆ ಸೇವ್. ಟರ್ಬೋದಲ್ಲಿ ಕೀಲಿ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಕಂಪೈಲ್ ಆಗುತ್ತಿತ್ತು. ಸೆಮಿಕೋಲನ್ ಬಿಟ್ಟಿದ್ದರೆ ಆ ಜಾಗದ ಪಕ್ಕದಲ್ಲೇ ಕರ್ಸರ್ ಹೋಗಿ ನಿಲ್ಲುತ್ತಿತ್ತು. ಎರಡು ತಾಸಿನಲ್ಲಿ ಅಷ್ಟು ಕಲಿಯಲು ಆದದ್ದು ಆ ವೇಗದಿಂದ. ವೇಗ ಬಂದದ್ದು ಎಲ್ಲಿಂದ? ಹೈಲ್ಸ್‌ಬರ್ಗ್ ಅವರ ಕೈಚಳಕ ಒಂದು. ಇನ್ನೊಂದು, ಮೇಲಿನಿಂದ ಕೆಳಗೆ ಒಂದೇ ಸಲ ಓದಿ ಕಂಪೈಲ್ ಮಾಡಲು ಬರುವ ಹಾಗೆ ವಿರ್ತ್ ಭಾಷೆಯನ್ನೇ ಕಟ್ಟಿದ್ದರು. ಯಾವುದನ್ನೇ ಬಳಸುವ ಮೊದಲು ಅದೇನು ಅಂತ ಹೇಳಿರಬೇಕು ಅನ್ನುವ ನಿಯಮ ಅದಕ್ಕೇ.

ಪ್ಯಾಸ್ಕಲನ್ನು ಎಲ್ಲರೂ ಹೊಗಳಿದರು ಅಂತ ಅಲ್ಲ. ಸಿ ಭಾಷೆಯ ಬಳಗದ ಬ್ರಯಾನ್ ಕರ್ನಿಹ್ಯಾನ್ 1981ರಲ್ಲಿ ಅದರ ತೊಂದರೆಗಳನ್ನು ಒಂದೊಂದಾಗಿ ಬರೆದರು. ಹತ್ತು ಹೆಸರಿನ ಪಟ್ಟಿಯೇ ಬೇರೆ ಟೈಪ್, ಇಪ್ಪತ್ತು ಹೆಸರಿನ ಪಟ್ಟಿಯೇ ಬೇರೆ ಟೈಪ್, ಹಾಗಾಗಿ ಯಾವ ಪಟ್ಟಿ ಕೊಟ್ಟರೂ ಅದನ್ನು ಕ್ರಮವಾಗಿ ಜೋಡಿಸುವ ಒಂದೇ ಪ್ರೊಸೀಜರ್ (ಒಂದು ಕೆಲಸ ಮಾಡುವ ಪ್ರೋಗ್ರಾಮಿನ ತುಂಡು) ಬರೆಯಲು ಬರುವುದಿಲ್ಲ ಅನ್ನುವುದು ಮುಖ್ಯವಾದದ್ದು. ಅವರು ಹೇಳಿದ್ದು ಸರಿ. ನಾನೂ ಅದರಲ್ಲಿ ಒದ್ದಾಡಿದ್ದೇನೆ. ದೊಡ್ಡ ಪ್ರೋಗ್ರಾಮನ್ನು ಬೇರೆ ಬೇರೆ ಭಾಗ ಮಾಡಿ ಬರೆಯಲೂ ಮೂಲ ಪ್ಯಾಸ್ಕಲ್‌ನಲ್ಲಿ ದಾರಿ ಇರಲಿಲ್ಲ. ವಿರ್ತ್ ಇದಕ್ಕೆ ಪ್ಯಾಸ್ಕಲ್ ಮೇಲೆ ಪ್ಯಾಸ್ಕಲ್ ಪೇರಿಸಲಿಲ್ಲ. ಕರ್ನಿಹ್ಯಾನ್ ಬರೆಯುವ ಮೊದಲೇ ಹೊಸದಾಗಿ ಶುರುಮಾಡಿದ್ದರು. ಅಷ್ಟು ಹೆಸರು ತಂದುಕೊಟ್ಟದ್ದನ್ನು ಬಿಟ್ಟು ಮುಂದೆ ಹೋಗುವುದು ಸುಲಭ ಅಲ್ಲ.

1976ರಲ್ಲಿ ಒಂದು ವರ್ಷ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯಕ್ಕೆ ಹೋದರು. ಅಲ್ಲಿ ಆಲ್ಟೋ ಅನ್ನುವ ಕಂಪ್ಯೂಟರ್ ನೋಡಿದರು. ಮೇಜಿನ ಮೇಲೆ ಮೌಸ್, ಪರದೆಯ ಮೇಲೆ ಚಿತ್ರ, ಒಬ್ಬರಿಗೇ ಒಂದು ಯಂತ್ರ. ಆಗಿನ ಕಾಲಕ್ಕೆ ಅದು ಕನಸು. ಕೊಳ್ಳೋಣ ಅಂದರೆ ಮಾರಾಟಕ್ಕಿಲ್ಲ. ಊರಿಗೆ ಬಂದು ತಾವೇ ಮಾಡಿದರು! ಹಾರ್ಡ್‌ವೇರ್ ಕೂಡ. ಅದರ ಹೆಸರು ಲಿಲಿತ್, 1980ರ ಹೊತ್ತಿಗೆ ಓಡುತ್ತಿತ್ತು. ಅದಕ್ಕಾಗಿಯೇ ಮಾಡ್ಯುಲಾ-2 ಅನ್ನುವ ಭಾಷೆ ಮಾಡಿ, ಒಳಗಿನ ಸಾಫ್ಟ್‌ವೇರ್ ಎಲ್ಲವನ್ನೂ ಅದರಲ್ಲೇ ಬರೆದರು. 1984ರಲ್ಲಿ ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಅದೇ ಹೊತ್ತಿಗೆ ಎರಡನೇ ಸಲ ಪಾರ್ಕ್‌ಗೆ ಹೋಗಿ ಬಂದರು. ಈ ಸಲ ಅಲ್ಲಿ ಕಂಡ ವ್ಯವಸ್ಥೆ ಭಾರೀ ದೊಡ್ಡದಾಗಿ ಬೆಳೆದಿತ್ತು. ಮರಳಿ ಬಂದು ಯೂರ್ಗ್ ಗುಟ್‌ಕ್ನೆಕ್ಟ್ ಎಂಬ ಸಹೋದ್ಯೋಗಿ ಜೊತೆ ಓಬೆರಾನ್ ಶುರುಮಾಡಿದರು. ಒಂದು ಭಾಷೆ, ಜೊತೆಗೆ ಒಂದು ಇಡೀ ಆಪರೇಟಿಂಗ್ ಸಿಸ್ಟಂ. ಹೆಸರು ಯುರೇನಸ್ ಗ್ರಹದ ಒಂದು ಚಂದ್ರನದು. 1986ರ ಜನವರಿಯಲ್ಲಿ ವಾಯೇಜರ್ 2 ಅದರ ಫೋಟೋ ಕಳಿಸಿತ್ತು.

ಮಾಡ್ಯುಲಾ-2ರಲ್ಲಿ ಇದ್ದ ಎಷ್ಟೋ ಸಂಗತಿಯನ್ನು ಓಬೆರಾನ್‌ನಲ್ಲಿ ತೆಗೆದರು. ಅವುಗಳ ಬದಲಿಗೆ ಕೆಲವನ್ನು ಮಾತ್ರ ಸೇರಿಸಿದರು. ಭಾಷೆಯ ಪೂರ್ತಿ ವಿವರಣೆ ಸುಮಾರು 16 ಪುಟ. ನಾನು ತಾಳಮದ್ದಳೆ ನೆನೆಸಿಕೊಳ್ಳುತ್ತೇನೆ. ಕಿರೀಟ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಚಾಪೆ ಮೇಲೆ ಪಂಚೆ ಉಟ್ಟು ಕೂತ ನಾಲ್ಕು ಜನ, ಒಬ್ಬ ಭಾಗವತ. ಮಾತು ಗಟ್ಟಿ ಇದ್ದರೆ ಬೆಳಗಿನ ತನಕ ಕೌರವನೂ ಕೃಷ್ಣನೂ ಕಾಣುತ್ತಾರೆ. ಇಲ್ಲದಿದ್ದರೆ ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ.

ಏನು ಇಡಬೇಕು, ಏನು ಬಿಡಬೇಕು ಅನ್ನುವುದಕ್ಕೆ ವಿರ್ತ್ ಅವರ ಹತ್ತಿರ ಒಂದು ಅಳತೆ ಇತ್ತು. ಅವರ ಕೈಕೆಳಗೆ ಓದಿದವರು ಇದನ್ನು ಬರೆದಿಟ್ಟಿದ್ದಾರೆ. ಕಂಪೈಲರ್ ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ? ಯಾರಾದರೂ ಹೊಸ ಜಾಣ್ಮೆ ಸೇರಿಸಿದರೆ ಕಂಪೈಲರ್ ಅಷ್ಟು ಉದ್ದ ಆಗುತ್ತದೆ. ಆ ಜಾಣ್ಮೆಯಿಂದ ಬರುವ ವೇಗ ಆ ಉದ್ದದ ಖರ್ಚನ್ನು ತೀರಿಸುವುದಿಲ್ಲ ಅಂದರೆ ತೆಗೆದು ಹಾಕು. ಕೊಟ್ಟಿಗೆಯಲ್ಲಿ ಎಮ್ಮೆ ಎಷ್ಟೇ ಚಂದ ಇರಲಿ, ತಿಂದ ಹಿಂಡಿಯ ಲೆಕ್ಕಕ್ಕಾದರೂ ಹಾಲು ಕೊಡಬೇಕಲ್ಲ. ಒಂದು ಸಲ ಹೆಸರು ಹುಡುಕಲು ಇದ್ದ ಜಾಣತನದ ಹ್ಯಾಷ್ ಟೇಬಲನ್ನೇ ತೆಗೆದು, ಒಂದಾದ ಮೇಲೆ ಒಂದು ನೋಡುತ್ತಾ ಹೋಗುವ ಸಾದಾ ಪಟ್ಟಿ ಇಟ್ಟರು. ಒಂದು ಮನೆಯಲ್ಲಿ ಇರುವ ನಾಲ್ಕೈದು ಜನರನ್ನು ಹುಡುಕಲು ಟೆಲಿಫೋನ್ ಡೈರೆಕ್ಟರಿ ಯಾಕೆ?

1995ರಲ್ಲಿ ಅವರೊಂದು ಲೇಖನ ಬರೆದರು. ಹಾರ್ಡ್‌ವೇರ್ ಎಷ್ಟು ಬೇಗ ವೇಗವಾಗುತ್ತಿದೆಯೋ ಅದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನ ಆಗುತ್ತಿದೆ ಅನ್ನುವ ಮಾತು ಅದರಲ್ಲಿದೆ. ಜನ ಇದನ್ನು ವಿರ್ತ್ ನಿಯಮ ಅನ್ನುತ್ತಾರೆ. ಅವರು ಮಾತ್ರ ಅದೇ ಲೇಖನದಲ್ಲಿ ಇದು ಮಾರ್ಟಿನ್ ರೈಸರ್ ಅವರ ಮಾತು ಅಂತ ಹೇಳಿದ್ದಾರೆ. ಟರ್ಬೋ ಪ್ಯಾಸ್ಕಲ್ ಮೂರನೇ ಆವೃತ್ತಿ, ಬರೆಯುವ ಎಡಿಟರ್, ಕಂಪೈಲರ್ ಎಲ್ಲ ಸೇರಿ 40 ಕಿಲೋಬೈಟಿನ ಒಳಗಿತ್ತು. ನೀವು ಈಗ ಫೋನಿನಲ್ಲಿ ತೆಗೆಯುವ ಒಂದು 4 ಎಂಬಿ ಫೋಟೋದ ಜಾಗದಲ್ಲಿ ಅಂಥದ್ದು ನೂರು ಹಿಡಿಯುತ್ತದೆ. ಅದರಲ್ಲಿ ಒಂದು ತಲೆಮಾರು ಕಲಿಯಿತು.

ಹಿಂಬದಿಯಲ್ಲಿ ಕೂತಿದ್ದ ಒಬ್ಬ ಹುಡುಗ ಕೇಳಿದ: ಹಾಗಾದರೆ ಅವರ ಭಾಷೆಯನ್ನು ಈಗ ಯಾರೂ ಬಳಸುವುದಿಲ್ಲವಲ್ಲ ಸರ್, ಸೋತರು ಅಂತಲೇ ಅಲ್ವಾ? ಹಾಗಲ್ಲ. ಟರ್ಬೋ ಪ್ಯಾಸ್ಕಲ್ ಬರೆದ ಹೈಲ್ಸ್‌ಬರ್ಗ್ ಮುಂದೆ ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ಮಾಡಿದರು. ಗೂಗಲ್‌ನ ಗೋ ಭಾಷೆಯನ್ನು ಮಾಡಿದ ಮೂವರಲ್ಲಿ ಒಬ್ಬರಾದ ರಾಬರ್ಟ್ ಗ್ರೀಸೆಮರ್ ಇಟಿಎಚ್‌ನಲ್ಲೇ ಓದಿದವರು. ಗೋದಲ್ಲಿ ಪ್ರೋಗ್ರಾಮನ್ನು ಪ್ಯಾಕೇಜ್ ಅನ್ನುವ ಭಾಗಗಳಾಗಿ ಬರೆಯುವ ಕ್ರಮದಲ್ಲಿ ಓಬೆರಾನ್ ಇದೆ. ಬೀಜ ಎಲ್ಲಿಂದ ಬಂತು ಅಂತ ತೋಟದಲ್ಲಿರುವ ಮರ ಹೇಳುವುದಿಲ್ಲ ಅಷ್ಟೇ.

1999ರಲ್ಲಿ ನಿವೃತ್ತಿ. ಸುಮ್ಮನೆ ಕೂರಲಿಲ್ಲ. 1992ರಲ್ಲಿ ಓಬೆರಾನ್ ಸಿಸ್ಟಂ ಪೂರ್ತಿಯನ್ನು, ಒಂದೊಂದು ಸಾಲನ್ನೂ ವಿವರಿಸಿ ಪುಸ್ತಕ ಮಾಡಿದ್ದರು. ಆದರೆ ಅದು ಓಡುತ್ತಿದ್ದ ಪ್ರೊಸೆಸರ್ ಆಮೇಲೆ ಪೇಟೆಯಲ್ಲಿ ಸಿಗದಾಯಿತು. 2013ರಲ್ಲಿ, ಎಂಬತ್ತರ ಹತ್ತಿರ ಬಂದಿದ್ದ ವಿರ್ತ್ ತಾವೇ ಒಂದು ಸಣ್ಣ ಪ್ರೊಸೆಸರ್ ವಿನ್ಯಾಸ ಮಾಡಿ, ಸುಲಭವಾಗಿ ಸಿಗುತ್ತಿದ್ದ ಎಫ್‌ಪಿಜಿಎ ಬೋರ್ಡಿನ (ಒಳಗಿನ ಸರ್ಕ್ಯೂಟನ್ನು ನಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದಾದ ಚಿಪ್ ಇರುವ ಬೋರ್ಡು) ಮೇಲೆ ಅದನ್ನು ಎಬ್ಬಿಸಿ, ಅದಕ್ಕೆ ಕಂಪೈಲರ್ ಬರೆದು, ಇಡೀ ಸಿಸ್ಟಂ ಮತ್ತೆ ಓಡಿಸಿದರು. ಪ್ರೊಸೆಸರಿನಿಂದ ಹಿಡಿದು ಪರದೆ ಮೇಲಿನ ಅಕ್ಷರದ ತನಕ, ಎಲ್ಲವೂ ಒಬ್ಬ ಮನುಷ್ಯ ಓದಿ ಅರ್ಥ ಮಾಡಿಕೊಳ್ಳುವಷ್ಟು ಸಣ್ಣದು. ನನಗೆ ಅವರ ಮೇಲಿನ ಗೌರವ ಪೂರ್ತಿ ಇದರಲ್ಲಿದೆ. ಅವರು ತೀರಿಕೊಂಡದ್ದು 2024ರ ಜನವರಿ 1ಕ್ಕೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಪ್ಯಾಸ್ಕಲ್ ಈಗ ಎಲ್ಲಿ ಸಿಗ್ತದೆ ಸರ್ ಅಂದಳು. ಫ್ರೀ ಪ್ಯಾಸ್ಕಲ್ ಅಂತ ಇದೆ, ದುಡ್ಡು ಕೊಡಬೇಕಿಲ್ಲ. ಅಲ್ಲೇ ಇಳಿಸಿಕೊಂಡು ನಾನು ಹೇಳಿದ ಅಡಿಕೆಯ ಸಾಲನ್ನು ಬರೆದಳು. ಕೆಳಗೆ ನಾಲ್ಕಕ್ಕೂ ದರದ ಪಟ್ಟಿ ಹಾಕಿದಳು. ಹೀಗೆ ಪಟ್ಟಿ ತುಂಬಿಡುವ ಅನುಕೂಲ ವಿರ್ತ್ ಇಟ್ಟದ್ದಲ್ಲ, ಟರ್ಬೋ ಕಾಲದಲ್ಲಿ ಸೇರಿದ್ದು. ಕಂಪೈಲ್ ಆಯಿತು. ಹಿಂದೆ ನಿಂತು ನೋಡುತ್ತಿದ್ದ ಹುಲೇಕಲ್ ಅಜ್ಜ ಪರದೆ ಹತ್ತಿರ ಬಗ್ಗಿದರು.

"ಬಿಳೆಗೋಟು ಬಿಟ್ಟೋತಲೆ ಕೂಸೇ."

ನನ್ನ ಪಟ್ಟಿಯಲ್ಲೇ ಬಿಟ್ಟುಹೋಗಿತ್ತು, ಮೂವತ್ತು ವರ್ಷದಿಂದ. ಅವಳು ಮೇಲಿನ ಸಾಲಿಗೆ ಬಿಳೆಗೋಟು ಸೇರಿಸಿ ಮತ್ತೆ ಕಂಪೈಲ್ ಮಾಡಿದಳು. ಈ ಸಲ ಆಗಲಿಲ್ಲ. ದರದ ಪಟ್ಟಿಯ ಕೊನೆಯಲ್ಲಿ ಕಂಸ ಮುಗಿಸಿದ್ದಳಲ್ಲ, ಸರಿಯಾಗಿ ಅಲ್ಲೇ ತಪ್ಪು ತೋರಿಸಿತು. ಇಲ್ಲಿ ಅಲ್ಪವಿರಾಮ ಇರಬೇಕಿತ್ತು, ಅಂದರೆ ಇನ್ನೂ ಒಂದು ದರ ಬಾಕಿ ಇದೆ. ನಾನು ವಿವರಿಸುವ ಮೊದಲೇ ಅಜ್ಜನಿಗೆ ತಿಳಿಯಿತು. ಅವತ್ತಿನ ಬಿಳೆಗೋಟಿನ ದರ ಹೇಳಿದರು. ಅವಳು ಟೈಪ್ ಮಾಡಿದಳು.